ಕಕ್ಷಿಗಾರನಿಗೆ ಓದಲು ಬಾರದ ತೀರ್ಪು

ಶೇಡಬಾಳದ ಒಬ್ಬ ರೈತನು ಕೆಲವು ದಿನಗಳ ಹಿಂದೆ ತನ್ನ ಮನೆಯ ಹಳೆಯ ಟ್ರಂಕನ್ನು ಎತ್ತಿಕೊಂಡು ನನ್ನ ಬಳಿಗೆ ಬಂದನು. ಅವನ ಹೆಸರಿನಿಂದ ವಾಚಕರಿಗೆ ಪ್ರಯೋಜನವಿಲ್ಲ. ಅಂಥವರು ಕೃಷ್ಣೆಯ ಈ ದಂಡೆಯ ಪ್ರತಿಯೊಂದು ಊರಿನಲ್ಲಿಯೂ ಇದ್ದಾರೆ. ಟ್ರಂಕಿನ ತಳದಲ್ಲಿ ಮುತ್ತಜ್ಜನ ಕಾಲದ ಮೋಡಿ ಅಕ್ಷರದ ಮರಾಠಿ ಕಾಗದಗಳು. ಅವುಗಳ ಮೇಲೆ ಮುಂಬಯಿ ಸರಕಾರದ ಕಾಲದ ವಾಟ್ನಿಪತ್ರ. ಅದರ ಮೇಲೆ ಕನ್ನಡದ ಉತಾರಗಳು, ಖರೀದಿಪತ್ರ, ಕಂದಾಯದ ಪಾವತಿಗಳು. ಎಲ್ಲಕ್ಕೂ ಮೇಲೆ ಹೈಕೋರ್ಟಿನ ತೀರ್ಪಿನ ಪ್ರತಿ. ಅದು ಇಂಗ್ಲಿಷಿನಲ್ಲಿತ್ತು. ಕನ್ನಡದ ಕಾಗದಗಳನ್ನು ಅವನು ತಾನೇ ಓದಬಲ್ಲನು. ಮೋಡಿಯ ಕಾಗದಗಳನ್ನು ಊರಿನ ಒಬ್ಬ ಮುದುಕರಿಂದ ಓದಿಸಿಕೊಂಡು ಅವುಗಳ ಸಾರಾಂಶವನ್ನು ಬಾಯಿಪಾಠ ಮಾಡಿದ್ದನು. ಹೊಲದ ಹಣೆಬರಹವನ್ನು ಕೊನೆಗೆ ನಿಶ್ಚಯಿಸಿದ ಮೇಲಿನ ಕಾಗದವೊಂದೇ ಅವನಿಗೆ ಮುಚ್ಚಿದ ಬಾಗಿಲಾಗಿತ್ತು. "ನಾನು ಸೋತೆ ಅನ್ನೂದು ಗೊತ್ತೈತ್ರಿ ಸಾಹೇಬ್ರ, ಯಾಕ ಸೋತೆ ಅನ್ನೂದನ್ನ ಇದರಾಗ ಬರದಾರಂತ. ಅದನ್ನಷ್ಟು ಓದಿ ಹೇಳ್ರಿ" ಎಂದನು.

ನಾನು ಒಂದೊಂದು ಪುಟವನ್ನೂ ಕನ್ನಡದಲ್ಲಿ ಹೇಳುತ್ತ ಹೋದೆನು. ಅವನ ಸ್ವಂತ ಸಾಕ್ಷ್ಯವನ್ನು ಕುರಿತ ಭಾಗ ಬಂದಾಗ ಅವನು ಕೈಯೆತ್ತಿ ನನ್ನನ್ನು ತಡೆದನು. ತೀರ್ಪಿನಲ್ಲಿ, ಇವನು ಹೊಲದ ಮೇಲಿನ ತನ್ನ ಹಕ್ಕನ್ನು ಅಣ್ಣನ ಪರವಾಗಿ ತ್ಯಜಿಸಿದನೆಂದು ತಾನೇ ಒಪ್ಪಿಕೊಂಡಿದ್ದಾನೆ, ಎಂಬರ್ಥದ ಮಾತಿತ್ತು. ಇವನು ಕೆಳಗಿನ ಕೋರ್ಟಿನಲ್ಲಿ ಹೇಳಿದ್ದು, "ನಾನು ಊರಾಗ ಇರಲಿಲ್ಲ, ಹೊಲಾ ಅಣ್ಣನ ಕಡೆ ಬಿಟ್ಟಿದ್ದೆ" ಎಂದು. ಹೊಲವನ್ನು ನೋಡಿಕೊಳ್ಳಲು ಒಬ್ಬರ ಕಡೆಗೆ ಬಿಡುವದು ಬೇರೆ, ಹಕ್ಕನ್ನು ಬಿಟ್ಟುಕೊಡುವದು ಬೇರೆ ಎಂಬದು ಈ ಭಾಗದ ದನ ಕಾಯುವ ಹುಡುಗನಿಗೂ ತಿಳಿದ ಸಂಗತಿ. 'ಬಿಟ್ಟಿದ್ದೆ' ಎಂಬ ಒಂದು ಶಬ್ದವು ಇಂಗ್ಲಿಷಿನ ಬಟ್ಟೆಯನ್ನು ಉಟ್ಟುಕೊಳ್ಳುವಾಗ ತನ್ನ ಅರ್ಥವನ್ನು ಕಳೆದುಕೊಂಡಿತು. ಈ ಮಾತು ಹೊರಬೀಳುವ ಹೊತ್ತಿಗೆ ಸುಪ್ರೀಮ ಕೋರ್ಟಿಗೆ ಹೋಗುವ ಮುದ್ದತ್ತು ಮುಗಿದು ಎಷ್ಟೋ ತಿಂಗಳಾಗಿದ್ದವು.

ನಾನು ಉತ್ಪ್ರೇಕ್ಷೆ ಮಾಡಲು ಇಚ್ಛಿಸುವದಿಲ್ಲ. ಆ ದಾವೆಯಲ್ಲಿ ಅವನ ವಿರುದ್ಧವಾಗಿ ಬೇರೆ ಕಾರಣಗಳೂ ಇದ್ದವು. ಈ ಒಂದು ಶಬ್ದದಿಂದಲೇ ಅವನು ಸೋತನೆಂದು ಹೇಳಲಾರೆನು. ನ್ಯಾಯಾಧೀಶರು ತಮ್ಮ ಮುಂದಿಟ್ಟ ಭಾಷಾಂತರವನ್ನು ನಂಬಿದರು. ಅವರ ಮೇಲೆ ದೋಷವನ್ನು ಹೊರಿಸುವ ವಿಚಾರವೂ ನನಗಿಲ್ಲ. ನಾನು ಹೇಳತಕ್ಕದ್ದು ಇಷ್ಟೇ: ಆ ಪುಟದಲ್ಲಿ ತಪ್ಪಾಗಿದೆಯೆಂದು ಒಂದೇ ನೋಟಕ್ಕೆ ಗುರುತಿಸಬಲ್ಲ ಮನುಷ್ಯನು ಜಗತ್ತಿನಲ್ಲಿ ಒಬ್ಬನೇ ಇದ್ದನು, ಮತ್ತು ಆ ಪುಟವನ್ನು ಓದಲು ಅಶಕ್ತನಾದವನೂ ಅವನೇ ಆಗಿದ್ದನು. ವಾದಿಗೆ ತಿಳಿಯದ ಭಾಷೆಯಲ್ಲಿ ತೀರ್ಪನ್ನು ಬರೆದರೆ ಅವನ ಅಭಿಮಾನಕ್ಕೆ ಪೆಟ್ಟು ಬೀಳುವದೆಂಬದು ಸಣ್ಣ ಮಾತು. ತಪ್ಪನ್ನು ಹಿಡಿಯತಕ್ಕ ಕಣ್ಣಿಗೇ ಬಟ್ಟೆ ಕಟ್ಟಿದಂತಾಗುವದೆಂಬದು ದೊಡ್ಡ ಮಾತು. ಕೋರ್ಟಿನ ಭಾಷೆಯ ಪ್ರಶ್ನವನ್ನು ನಾವು ಸಾಮಾನ್ಯವಾಗಿ ಭಾಷಾಭಿಮಾನದ ಪ್ರಶ್ನವೆಂದು ವಾದಿಸುತ್ತೇವೆ. ಅದು ಅದಕ್ಕಿಂತ ಮೊದಲು ಸಾಕ್ಷ್ಯದ ಪ್ರಶ್ನ, ಅಪೀಲಿನ ಪ್ರಶ್ನ, ಸಾರಾಂಶ, ನ್ಯಾಯದ ಪ್ರಶ್ನವು.

ಈ ಭಾಗದ ಕಕ್ಷಿಗಾರನು ನಡೆಯುವ ದಾರಿಯನ್ನು ಒಮ್ಮೆ ನೋಡಿರಿ. ಶೇಡಬಾಳ, ಉಗಾರ, ಕಾಗವಾಡಗಳ ಮನುಷ್ಯನು ಅಥಣಿಯ ಕೋರ್ಟಿನಲ್ಲಿ ದಾವೆಯನ್ನು ಹೂಡುವಾಗ ಅವನ ಕಿವಿಗೆ ಕನ್ನಡವು ಬೀಳುತ್ತದೆ. ಪುಕಾರು ಕನ್ನಡದಲ್ಲಿ, ಸಾಕ್ಷಿ ಕನ್ನಡದಲ್ಲಿ, ಎಷ್ಟೋ ಸಲ ವಾದವೂ ಕನ್ನಡದಲ್ಲಿ. ಚಿಕ್ಕೋಡಿಗೆ ಹೋದರೆ ಕನ್ನಡವು ಅರ್ಧವಾಗುತ್ತದೆ. ಶೇಡಬಾಳದ ಸ್ಟೇಶನ್ನಿನಲ್ಲಿ ರೈಲು ಹತ್ತಿ ಧಾರವಾಡದ ಹೈಕೋರ್ಟಿನ ಪೀಠಕ್ಕೆ ಹೋದರೆ ಅವನು ಹಿಂದಿನ ಬೆಂಚಿನಲ್ಲಿ ಕುಳಿತು ತನ್ನ ವಕೀಲರ ಮುಖವನ್ನು ನೋಡಿ ದಾವೆಯ ಗತಿಯನ್ನು ಊಹಿಸಬೇಕು. ದಿಲ್ಲಿಗೆ ಹೋದರೆ ಆ ಮುಖವೂ ಪರಿಚಯದ್ದಾಗಿರುವದಿಲ್ಲ. 1956ನೆಯ ಇಸವಿ ನವೆಂಬರ 1ರ ವರೆಗೆ ಬೆಳಗಾವಿ ಜಿಲ್ಲೆಯವರಿಗೆ ಹೈಕೋರ್ಟು ಮುಂಬಯಿಯಲ್ಲಿತ್ತು. ಆ ಮೇಲೆ ಬೆಂಗಳೂರಿನದಾಯಿತು. 2008ರಲ್ಲಿ ಧಾರವಾಡಕ್ಕೆ ಸಂಚಾರಿ ಪೀಠವು ಬಂದು 2013ರಲ್ಲಿ ಖಾಯಂ ಆಯಿತು. ಈ ಪೀಠಕ್ಕಾಗಿ ಉತ್ತರ ಕರ್ನಾಟಕದ ವಕೀಲರೂ ಜನರೂ ಎಷ್ಟು ವರ್ಷ ಹೋರಾಡಿದರೆಂಬದು ಎಲ್ಲರಿಗೂ ನೆನಪಿದೆ. ಹೋರಾಟದಿಂದ ಮೈಲುಗಳ ದೂರವು ಕಡಿಮೆಯಾಯಿತು. ಭಾಷೆಯ ದೂರವು ಮಾತ್ರ ಮುಂಬಯಿಯ ಕಾಲದಲ್ಲಿ ಎಷ್ಟಿತ್ತೋ ಅಷ್ಟೇ ಉಳಿಯಿತು.

ಇನ್ನು ಕಾಯದೆಯು ಏನನ್ನುತ್ತದೆಂಬದನ್ನು ನೋಡೋಣ. ನಮ್ಮ ಜನರಲ್ಲಿ, ಅಷ್ಟೇ ಏಕೆ, ನಮ್ಮ ವಕೀಲರಲ್ಲಿಯೂ ಅನೇಕರು ಕಾಯದೆಯೇ ಕನ್ನಡಕ್ಕೆ ಅಡ್ಡವಾಗಿದೆಯೆಂದು ತಿಳಿದಿದ್ದಾರೆ. ಕೆಳಗಿನ ಕೋರ್ಟುಗಳ ಮಟ್ಟಿಗೆ ಇದು ಪೂರ್ಣ ತಪ್ಪು. 1908ರ ದಿವಾಣಿ ವ್ಯವಹಾರ ಸಂಹಿತೆಯ 137ನೆಯ ಕಲಮು ಅಧೀನ ನ್ಯಾಯಾಲಯಗಳ ಭಾಷೆಯನ್ನು ನಿಶ್ಚಯಿಸುವ ಅಧಿಕಾರವನ್ನು ರಾಜ್ಯ ಸರಕಾರಕ್ಕೆ ಕೊಟ್ಟಿದೆ. ಫೌಜದಾರಿ ಬಾಬಿನಲ್ಲಿ 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ 307ನೆಯ ಕಲಮು ಅದೇ ಅಧಿಕಾರವನ್ನು ಕೊಡುತ್ತದೆ. ನಮ್ಮ ರಾಜ್ಯದಲ್ಲಿ ಅಧೀನ ನ್ಯಾಯಾಲಯಗಳ ಭಾಷೆಯು ಕನ್ನಡವೆಂದು ಎಂದೋ ನಿಶ್ಚಿತವಾಗಿದೆ. ಅದೇ ಸಂಹಿತೆಯ 393ನೆಯ ಕಲಮು, ತೀರ್ಪನ್ನು ನ್ಯಾಯಾಲಯದ ಭಾಷೆಯಲ್ಲಿ ಬರೆಯತಕ್ಕದ್ದೆಂದು ಹೇಳುತ್ತದೆ. 404ನೆಯ ಕಲಮು, ಆರೋಪಿಯು ಬೇಡಿದರೆ, ಸಾಧ್ಯವಿದ್ದಲ್ಲಿ ಅವನ ಸ್ವಂತ ಭಾಷೆಯಲ್ಲಿ, ಇಲ್ಲವಾದರೆ ನ್ಯಾಯಾಲಯದ ಭಾಷೆಯಲ್ಲಿ ತೀರ್ಪಿನ ಭಾಷಾಂತರವನ್ನು ವಿಳಂಬವಿಲ್ಲದೆ ಕೊಡಬೇಕೆಂದೂ, ಅಪೀಲು ಇರುವ ಪ್ರಕರಣಗಳಲ್ಲಿ ಅದನ್ನು ಪುಕ್ಕಟೆಯಾಗಿ ಕೊಡಬೇಕೆಂದೂ ವಿಧಿಸುತ್ತದೆ. ದಿವಾಣಿ ಸಂಹಿತೆಯ 137ನೆಯ ಕಲಮಿನ ಮೂರನೆಯ ಉಪಕಲಮು ಇನ್ನೂ ಗಮನಿಸತಕ್ಕದ್ದು. ಸಾಕ್ಷ್ಯದ ಹೊರತು ಬೇರೆ ಬರೆಹಗಳು ಇಂಗ್ಲಿಷಿನಲ್ಲಿ ಇರಬಹುದು. ಆದರೆ ಕಕ್ಷಿಗಾರನಿಗೆ ಅಥವಾ ಅವನ ವಕೀಲನಿಗೆ ಇಂಗ್ಲಿಷು ತಿಳಿಯದಿದ್ದರೆ, ಅವನು ಕೇಳಿದಾಗ, ನ್ಯಾಯಾಲಯದ ಭಾಷೆಯಲ್ಲಿ ಭಾಷಾಂತರವನ್ನು ಒದಗಿಸತಕ್ಕದ್ದು, ಎಂದು ಅದರ ತಾತ್ಪರ್ಯ. 'ಅವನು ಕೇಳಿದಾಗ' ಎಂಬ ಮಾತನ್ನು ಮರೆಯಬಾರದು. ಶತಮಾನಕ್ಕಿಂತ ಹೆಚ್ಚು ಕಾಲದಿಂದ ಈ ಹಕ್ಕು ಪುಸ್ತಕದಲ್ಲಿದೆ. ನನ್ನ ವೃತ್ತಿಯ ಅವಧಿಯಲ್ಲಿ ಅದನ್ನು ಕೇಳಿದವರನ್ನು ಬೆರಳುಗಳಲ್ಲಿ ಎಣಿಸಬಹುದು. ಆ ಬೆರಳುಗಳಲ್ಲಿಯೂ ಕೆಲವು ಉಳಿದಾವು.

ಹೈಕೋರ್ಟಿನ ಮಾತು ಬೇರೆ. ರಾಜ್ಯಘಟನೆಯ 348ನೆಯ ಕಲಮು, ಪಾರ್ಲಿಮೆಂಟು ಬೇರೆ ಕಾಯದೆಯನ್ನು ಮಾಡುವ ವರೆಗೆ, ಸುಪ್ರೀಮ ಕೋರ್ಟಿನ ಮತ್ತು ಎಲ್ಲ ಹೈಕೋರ್ಟುಗಳ ಕಾರ್ಯಕಲಾಪಗಳು ಇಂಗ್ಲಿಷಿನಲ್ಲಿ ನಡೆಯತಕ್ಕವೆಂದು ಹೇಳುತ್ತದೆ. ಆದರೆ ಘಟನೆಯ ಕರ್ತರು ಗೋಡೆಯನ್ನು ಕಟ್ಟುವಾಗ ಅದರಲ್ಲಿ ಬಾಗಿಲನ್ನೂ ಇಟ್ಟಿದ್ದಾರೆ. ಅದೇ ಕಲಮಿನ ಎರಡನೆಯ ಭಾಗದ ಮೇರೆಗೆ ರಾಜ್ಯಪಾಲರು ರಾಷ್ಟ್ರಪತಿಗಳ ಪೂರ್ವ ಸಮ್ಮತಿಯಿಂದ ಹಿಂದಿಯನ್ನಾಗಲಿ ರಾಜ್ಯದ ಆಡಳಿತದ ಭಾಷೆಯನ್ನಾಗಲಿ ಹೈಕೋರ್ಟಿನ ಕಲಾಪಗಳಲ್ಲಿ ಬಳಸಲು ಅನುಮತಿ ಕೊಡಬಹುದು. ತೀರ್ಪು, ಡಿಕ್ರಿ, ಹುಕುಮುಗಳಿಗೆ ಆ ಭಾಗವು ಅನ್ವಯಿಸುವದಿಲ್ಲ. ಅವುಗಳಿಗಾಗಿ 1963ರ ರಾಜಭಾಷಾ ಕಾಯದೆಯ 7ನೆಯ ಕಲಮು ಇದೆ. ರಾಷ್ಟ್ರಪತಿಗಳ ಸಮ್ಮತಿ ದೊರೆತರೆ ರಾಜ್ಯದ ಭಾಷೆಯಲ್ಲಿಯೇ ತೀರ್ಪನ್ನು ಬರೆಯಬಹುದು; ಅದರ ಜತೆಗೆ ಹೈಕೋರ್ಟಿನ ಅಧಿಕಾರದಿಂದ ಹೊರಡಿಸಿದ ಇಂಗ್ಲಿಷು ಭಾಷಾಂತರವು ಇರತಕ್ಕದ್ದು. ಅಂದ ಬಳಿಕ, ಕನ್ನಡದ ತೀರ್ಪಿಗಾಗಿ ಘಟನೆಯನ್ನು ತಿದ್ದುವ ಅವಶ್ಯವಿಲ್ಲ. ಬಾಗಿಲಿದೆ, ಅಗುಳಿ ದಿಲ್ಲಿಯಲ್ಲಿದೆ.

ಈ ಬಾಗಿಲು ಯಾರಿಗೆ ತೆರೆದಿದೆ? ರಾಜಸ್ಥಾನಕ್ಕೆ 1950ರಲ್ಲಿ, ಉತ್ತರ ಪ್ರದೇಶಕ್ಕೆ 1969ರಲ್ಲಿ, ಮಧ್ಯ ಪ್ರದೇಶಕ್ಕೆ 1971ರಲ್ಲಿ, ಬಿಹಾರಕ್ಕೆ 1972ರಲ್ಲಿ. ನಾಲ್ಕೂ ಹಿಂದೀ ಪ್ರಾಂತಗಳು. 1965ರಲ್ಲಿ ಕೇಂದ್ರ ಸಚಿವರ ಸಮಿತಿಯೊಂದು ಇಂಥ ಪ್ರಸ್ತಾವಗಳ ಬಗ್ಗೆ ಭಾರತದ ಮುಖ್ಯ ನ್ಯಾಯಾಧೀಶರ ಅಭಿಪ್ರಾಯವನ್ನು ಪಡೆಯಬೇಕೆಂದು ಗೊತ್ತುಮಾಡಿತು. ಮುಂದೆ ತಮಿಳುನಾಡು, ಗುಜರಾತ, ಛತ್ತೀಸಗಡ, ಪಶ್ಚಿಮ ಬಂಗಾಲ ಮತ್ತು ನಮ್ಮ ಕರ್ನಾಟಕವು ತಂತಮ್ಮ ಪ್ರಸ್ತಾವಗಳನ್ನು ಕಳಿಸಿದವು. 2012ರ ಅಕ್ಟೋಬರದಲ್ಲಿ ಸುಪ್ರೀಮ ಕೋರ್ಟಿನ ಎಲ್ಲ ನ್ಯಾಯಾಧೀಶರ ಸಭೆಯು ಅವುಗಳನ್ನು ಒಪ್ಪಲಿಲ್ಲ. ಘಟನೆಯು ಹಿಂದಿಗೂ ಕನ್ನಡಕ್ಕೂ ಒಂದೇ ವಾಕ್ಯದಲ್ಲಿ ಒಂದೇ ಸ್ಥಾನವನ್ನು ಕೊಟ್ಟಿರಲು, ಒಂದಕ್ಕೆ ಬಾಗಿಲು ತೆರೆದು ಇನ್ನೊಂದಕ್ಕೆ ಮುಚ್ಚುವದಕ್ಕೆ ಕಾರಣವೇನೆಂದು ಕೇಳುವ ಹಕ್ಕು ಕನ್ನಡಿಗರಿಗೆ ಇದ್ದೇ ಇದೆ. ನಾವು ಹಿಂದಿಯ ದ್ವೇಷಿಗಳಲ್ಲ. ಪಾಟ್ಣಾದ ರೈತನಿಗೆ ದೊರೆತದ್ದು ಶೇಡಬಾಳದ ರೈತನಿಗೂ ದೊರೆಯಲಿ ಎಂದಷ್ಟೇ ಕೇಳುತ್ತೇವೆ.

ಈಗ ಸುಪ್ರೀಮ ಕೋರ್ಟಿನ ತೀರ್ಪುಗಳಿಂದಲೇ ಎರಡನ್ನು ವಾಚಕರ ಮುಂದೆ ಇಡುತ್ತೇನೆ. ಒಂದು, 1962ರಲ್ಲಿ ನಿರ್ಣಯವಾದ ಹರಿಕಿಸನ ವಿರುದ್ಧ ಮಹಾರಾಷ್ಟ್ರ ಸರಕಾರ ಎಂಬ ಪ್ರಕರಣ. ವಿಚಾರಣೆಯಿಲ್ಲದೆ ಬಂಧನದಲ್ಲಿಟ್ಟ ಒಬ್ಬ ಮನುಷ್ಯನಿಗೆ ಬಂಧನದ ಕಾರಣಗಳನ್ನು ಇಂಗ್ಲಿಷಿನಲ್ಲಿ ಕೊಡಲಾಗಿತ್ತು. ತನಗೆ ಇಂಗ್ಲಿಷು ಬರುವದಿಲ್ಲ, ಹಿಂದಿಯಲ್ಲಿ ಕೊಡಿರಿ ಎಂದು ಅವನು ಬೇಡಿದನು. ಇಂಗ್ಲಿಷೇ ಸರಕಾರೀ ಭಾಷೆ, ಬಾಯಿಂದ ಅರ್ಥವನ್ನು ಹೇಳಿದ್ದಾಗಿದೆ ಎಂದು ಸರಕಾರವು ವಾದಿಸಿತು. ಘಟನೆಯ 22ನೆಯ ಕಲಮಿನಲ್ಲಿ ಕಾರಣಗಳನ್ನು 'ತಿಳಿಸತಕ್ಕದ್ದು' ಎಂದಿದೆ. ತಿಳಿಯದ ಭಾಷೆಯಲ್ಲಿ ಕೊಟ್ಟ ಕಾಗದದಿಂದ ತಿಳಿಸಿದಂತಾಗುವದಿಲ್ಲವೆಂದು ಸುಪ್ರೀಮ ಕೋರ್ಟು ಹೇಳಿ ಅವನನ್ನು ಬಿಡಿಸಿತು. ಎರಡನೆಯದು, 1980ರ ಲಲ್ಲೂಭಾಯಿ ಪಟೇಲರ ಪ್ರಕರಣ. ಗುಜರಾತಿಯನ್ನು ಮಾತ್ರ ಬಲ್ಲ ಬಂಧಿಗೆ ಪೊಲೀಸ ಅಧಿಕಾರಿಯು ಇಂಗ್ಲಿಷು ಕಾಗದವನ್ನು ಗುಜರಾತಿಯಲ್ಲಿ ವಿವರಿಸಿದ್ದನಂತೆ. ಅದು ಸಾಲದು, ಅವನಿಗೆ ತಿಳಿಯುವ ಭಾಷೆಯಲ್ಲಿ, ಬರೆಹದಲ್ಲಿ, ಪೂರ್ಣವಾಗಿ ತಿಳಿಸತಕ್ಕದ್ದೆಂದು ನ್ಯಾಯಾಲಯವು ಮತ್ತೆ ನಿರ್ಣಯಿಸಿತು.

ಈ ಎರಡೂ ತೀರ್ಪುಗಳು ಬಂಧಿತರಿಗೆ ಸಂಬಂಧಿಸಿದವು. ದಿವಾಣಿ ದಾವೆಗೆ ಅವು ಅನ್ವಯಿಸುವದಿಲ್ಲವೆಂದು ಯಾರಾದರೂ ಅನ್ನಬಹುದು. ಕಾಯದೆಯ ಅಕ್ಷರದ ಮಟ್ಟಿಗೆ ಆ ಮಾತು ನಿಜ. ಆದರೆ ಅವುಗಳ ಹಿಂದಿನ ತತ್ವವೇನು? ಬಂಧಿಯು ತನ್ನ ಬಂಧನದ ವಿರುದ್ಧ ಅರಿಕೆ ಮಾಡಿಕೊಳ್ಳಬೇಕಾದರೆ ತನ್ನ ಮೇಲಿನ ಆಪಾದನೆ ಯಾವದೆಂದು ಅವನಿಗೆ ತಿಳಿದಿರಬೇಕು. ಸೋತ ಕಕ್ಷಿಗಾರನ ಸ್ಥಿತಿಯು ಇದಕ್ಕಿಂತ ಎಷ್ಟು ಬೇರೆ? 1963ರ ಮುದ್ದತ್ತಿನ ಕಾಯದೆಯ ಮೇರೆಗೆ ಹೈಕೋರ್ಟಿಗೆ ಅಪೀಲು ಹೋಗಲು 90 ದಿನ, ಬೇರೆ ಕೋರ್ಟಿಗೆ ಹೋಗಲು 30 ದಿನ. ಅಷ್ಟರಲ್ಲಿ ಅವನು ನಿಶ್ಚಯಿಸಬೇಕು: ಹೊಲವನ್ನು ಬಿಡಬೇಕೋ, ಇನ್ನಷ್ಟು ಸಾಲ ಮಾಡಿ ಮುಂದಕ್ಕೆ ಹೋಗಬೇಕೋ? ಈ ನಿಶ್ಚಯವನ್ನು ಅವನು ತೀರ್ಪನ್ನು ಓದಿ ಮಾಡುವದಿಲ್ಲ. ವಕೀಲನು ಎರಡು ನಿಮಿಷದಲ್ಲಿ ಹೇಳಿದ ಸಾರಾಂಶವನ್ನು ಕೇಳಿ ಮಾಡುತ್ತಾನೆ. ಪೊಲೀಸ ಅಧಿಕಾರಿಯ ಬಾಯಿಮಾತಿನ ವಿವರಣೆಯು ಬಂಧಿಗೆ ಸಾಲದೆಂದ ಬಳಿಕ, ವಕೀಲನ ಬಾಯಿಮಾತಿನ ವಿವರಣೆಯು ರೈತನಿಗೆ ಸಾಕೆಂದು ಹೇಗೆ ಅನ್ನಬೇಕು? ಒಬ್ಬನು ಸ್ವಾತಂತ್ರ್ಯವನ್ನು ಕಳೆದುಕೊಂಡಿದ್ದಾನೆ. ಇನ್ನೊಬ್ಬನು ಮಕ್ಕಳ ಅನ್ನವನ್ನು ಕಳೆದುಕೊಂಡಿದ್ದಾನೆ.

ಎದುರು ಪಕ್ಷದ ಆಕ್ಷೇಪಗಳನ್ನು ಹಗುರಾಗಿ ತೆಗೆದುಹಾಕಬಾರದು. ಮೊದಲನೆಯ ಆಕ್ಷೇಪ: ಹೈಕೋರ್ಟಿಗೆ ಬೇರೆ ರಾಜ್ಯಗಳಿಂದ ನ್ಯಾಯಾಧೀಶರು ಬರುತ್ತಾರೆ, ಅವರಿಗೆ ಕನ್ನಡವು ಹೇಗೆ ತಿಳಿಯಬೇಕು? ಎರಡನೆಯದು: ಒಂದು ಹೈಕೋರ್ಟಿನ ತೀರ್ಪನ್ನು ಇನ್ನೊಂದು ಹೈಕೋರ್ಟು ಓದಬೇಕು, ಒಂದೊಂದು ರಾಜ್ಯವು ಒಂದೊಂದು ಭಾಷೆಯಲ್ಲಿ ಬರೆದರೆ ದೇಶದ ಕಾಯದೆಯು ಹರಿದು ಹಂಚಿಹೋಗುವದು. ಇವೆರಡಕ್ಕೂ ಉತ್ತರವು 7ನೆಯ ಕಲಮಿನಲ್ಲಿಯೇ ಇದೆ. ಕನ್ನಡವು ಇಂಗ್ಲಿಷಿನ ಜತೆಗೆ ಬರತಕ್ಕದ್ದು, ಇಂಗ್ಲಿಷನ್ನು ಹೊರಗೆ ಹಾಕಿ ಅಲ್ಲ. ಕನ್ನಡ ಬಲ್ಲ ನ್ಯಾಯಾಧೀಶರು ಕನ್ನಡದಲ್ಲಿ ಬರೆಯಲಿ, ಇಂಗ್ಲಿಷು ಭಾಷಾಂತರವು ಜತೆಗಿರಲಿ. ಕನ್ನಡ ಬಾರದವರು ಇಂಗ್ಲಿಷಿನಲ್ಲಿ ಬರೆಯಲಿ, ಕಕ್ಷಿಗಾರನಿಗೆ ಪ್ರಮಾಣಿತ ಕನ್ನಡ ಪ್ರತಿಯು ಸಿಗಲಿ. ಇದು ಆಗದ ಮಾತಲ್ಲ. 2024ರ ಡಿಸೆಂಬರದಲ್ಲಿ ನಮ್ಮ ಹೈಕೋರ್ಟಿನಲ್ಲಿಯೇ ನ್ಯಾಯಮೂರ್ತಿ ಕೃಷ್ಣ ದೀಕ್ಷಿತ ಮತ್ತು ನ್ಯಾಯಮೂರ್ತಿ ಸಿ. ಎಂ. ಜೋಶಿಯವರ ಪೀಠವು ಕನ್ನಡದಲ್ಲಿ ತೀರ್ಪನ್ನು ಕೊಟ್ಟಿತು. ಆ ದಿನ ಆಕಾಶವು ಕಳಚಿ ಬೀಳಲಿಲ್ಲ.

ಮೂರನೆಯ ಆಕ್ಷೇಪ: ಕನ್ನಡದಲ್ಲಿ ಕಾಯದೆಯ ಶಬ್ದಗಳಿಲ್ಲ. ಈ ಮಾತನ್ನು ಕೇಳಿದಾಗ ನನಗೆ ನಗುವೂ ಬರುತ್ತದೆ, ವ್ಯಸನವೂ ಆಗುತ್ತದೆ. ದಾವೆ, ಫಿರ್ಯಾದಿ, ಕೈಫಿಯತ್ತು, ಜಪ್ತಿ, ದರಖಾಸ್ತು, ಹಿಸ್ಸೆ, ಡಿಕ್ರಿ ಇವು ಎಲ್ಲಿಂದ ಬಂದಿದ್ದರೂ ಇಂದು ಅಥಣಿಯ ಸಂತೆಯಲ್ಲಿ ನಡೆಯುವ ಶಬ್ದಗಳು. ಹಿಂದಿನ ಕಾಲವನ್ನು ನೋಡಿದರಂತೂ ನಮ್ಮ ಪೂರ್ವಜರು ನಮಗಿಂತ ಜಾಣರಾಗಿದ್ದರು. ಕರ್ನಾಟಕದ ಅನೇಕ ದ್ವಿಭಾಷಾ ಶಾಸನಗಳಲ್ಲಿ ಅರಸನ ವಂಶಾವಳಿ, ಕೀರ್ತಿ, ಪ್ರತಾಪಗಳೆಲ್ಲ ಸಂಸ್ಕೃತದಲ್ಲಿರುತ್ತವೆ. ದಾನಕೊಟ್ಟ ಭೂಮಿಯ ಸೀಮೆಯನ್ನು ಹೇಳುವಲ್ಲಿಗೆ ಬಂದಾಗ, ಹಳ್ಳ ಯಾವದು, ಗುಡ್ಡ ಯಾವದು, ಮೂಡಣ ಮೇರೆಯ ಮರ ಯಾವದು ಎಂಬಲ್ಲಿಗೆ ಬಂದಾಗ, ಶಾಸನವು ಕನ್ನಡಕ್ಕೆ ಇಳಿಯುತ್ತದೆ. ಹೊಗಳಿಕೆಯು ಯಾರಿಗೂ ತಿಳಿಯದಿದ್ದರೂ ನಡೆದೀತು, ಹಕ್ಕು ಮಾತ್ರ ಊರಿನವರಿಗೆಲ್ಲ ತಿಳಿಯಲೇಬೇಕು ಎಂಬ ವಿವೇಕವು ಸಾವಿರ ವರ್ಷಗಳ ಹಿಂದಿನ ಲೇಖಕನಿಗಿತ್ತು. ಹಿಂದೂ ಕಾಯದೆಗೆ ಆಧಾರವಾದ 'ಮಿತಾಕ್ಷರಾ' ಗ್ರಂಥವನ್ನು ಬರೆದ ವಿಜ್ಞಾನೇಶ್ವರನು ಕಲ್ಯಾಣದ ಚಾಲುಕ್ಯರ ಆಸ್ಥಾನದವನು. ಕಾಯದೆಯ ವಿಚಾರವು ಈ ನೆಲಕ್ಕೆ ಪರದೇಶದಿಂದ ಬಂದ ಬೀಜವೇನೂ ಅಲ್ಲ.

ಯಾವ ಇಂಗ್ಲಿಷಿನ ಹೆಸರಿನಲ್ಲಿ ಈ ಆಕ್ಷೇಪಗಳನ್ನು ಎತ್ತುತ್ತಾರೋ ಆ ಇಂಗ್ಲಿಷೇ ಒಂದು ಕಾಲದಲ್ಲಿ ಕೋರ್ಟಿನ ಹೊರಗೆ ನಿಂತಿತ್ತೆಂಬದನ್ನು ನಮ್ಮ ಶಿಕ್ಷಕರು ಮಕ್ಕಳಿಗೆ ಅವಶ್ಯವಾಗಿ ಹೇಳಬೇಕು. ಇಂಗ್ಲೆಂಡಿನ ಕೋರ್ಟುಗಳಲ್ಲಿ ಫ್ರೆಂಚು ನಡೆಯುತ್ತಿದ್ದ ಕಾಲದಲ್ಲಿ, 1362ರಲ್ಲಿ, ಅಲ್ಲಿಯ ಪಾರ್ಲಿಮೆಂಟು ವಾದಗಳು ಇಂಗ್ಲಿಷಿನಲ್ಲಿ ನಡೆಯಬೇಕೆಂದು ಕಾಯದೆ ಮಾಡಿತು. ತಮ್ಮ ಪರವಾಗಿ ಏನನ್ನುತ್ತಾರೆ, ವಿರುದ್ಧವಾಗಿ ಏನನ್ನುತ್ತಾರೆ ಎಂಬದು ಕಕ್ಷಿಗಾರರಿಗೆ ತಿಳಿಯುವದಿಲ್ಲವೆಂಬದೇ ಅದಕ್ಕೆ ಕೊಟ್ಟ ಕಾರಣ. ವಿನೋದವೆಂದರೆ ಆ ಕಾಯದೆಯನ್ನು ಬರೆದದ್ದೇ ಫ್ರೆಂಚಿನಲ್ಲಿ! ದಫ್ತರದ ಭಾಷೆಯು ಲ್ಯಾಟಿನವಾಗಿಯೇ ಉಳಿಯಿತು. 1731ರ ಕಾಯದೆಯಿಂದ, 1733ರಲ್ಲಿ, ಅದೂ ಇಂಗ್ಲಿಷಾಯಿತು. ನಮ್ಮ ದೇಶದಲ್ಲಿ ಕಂಪನಿ ಸರಕಾರವೇ 1837ರ 29ನೆಯ ಕಾಯದೆಯಿಂದ ಬಂಗಾಲ ಪ್ರಾಂತದ ಕೋರ್ಟುಗಳಲ್ಲಿದ್ದ ಪಾರ್ಶಿಯನ್ನು ಕೈಬಿಟ್ಟು ದೇಶಭಾಷೆಗಳನ್ನು ತರಲು ದಾರಿಮಾಡಿತು. ಪರಕೀಯ ಸರಕಾರಕ್ಕೆ ತಿಳಿದ ಮಾತು ಸ್ವಕೀಯ ಸರಕಾರಕ್ಕೆ ತಿಳಿಯಬಾರದೇ?

ಇಂದಿನ ದಿವಸ ಯಂತ್ರಗಳ ಸಹಾಯವೂ ಬಂದಿದೆ. ಸುಪ್ರೀಮ ಕೋರ್ಟು 2019ರಿಂದ ಭಾಷಾಂತರದ ಯಂತ್ರವನ್ನು ಬಳಸಿ ತನ್ನ ತೀರ್ಪುಗಳನ್ನು ದೇಶಭಾಷೆಗಳಿಗೆ ತರುತ್ತಲಿದೆ, ಕನ್ನಡವೂ ಅವುಗಳಲ್ಲಿದೆ. ಈ ಕಾರ್ಯವನ್ನು ಮನಃಪೂರ್ವಕ ಅಭಿನಂದಿಸತಕ್ಕದ್ದು. ಆದರೆ ಆ ಭಾಷಾಂತರಗಳ ಮೇಲೆ ಒಂದು ಎಚ್ಚರಿಕೆ ಇರುತ್ತದೆ: ಇದು ಕಕ್ಷಿಗಾರನ ತಿಳಿವಳಿಕೆಗಾಗಿ ಮಾತ್ರ, ಬೇರೆ ಯಾವ ಕೆಲಸಕ್ಕೂ ಉಪಯೋಗಿಸಬಾರದು, ಇಂಗ್ಲಿಷು ಪ್ರತಿಯೇ ಅಧಿಕೃತ, ಎಂದು. ತಿಳಿದುಕೋ, ಆದರೆ ಅದನ್ನು ಹಿಡಿದು ಮಾತಾಡಬೇಡ, ಎಂದಂತಾಯಿತು. ಮತ್ತು ಯಂತ್ರಕ್ಕೆ 'ಬಿಟ್ಟಿದ್ದೆ' ಮತ್ತು 'ಬಿಟ್ಟುಕೊಟ್ಟೆ' ಇವುಗಳ ಅಂತರವನ್ನು ಯಾರು ಕಲಿಸಬೇಕು? ಮನುಷ್ಯನು ತಿದ್ದದ ಯಂತ್ರದ ಭಾಷಾಂತರವು ನಮ್ಮ ರೈತನ ಕಥೆಯನ್ನು ಸಾವಿರ ಪಟ್ಟು ಹೆಚ್ಚಿಸೀತು.

ಗಡಿನಾಡಿನವರಾದ ನಮಗೆ ಇನ್ನೊಂದು ಕರ್ತವ್ಯವಿದೆ. ನಾವು ನಮಗಾಗಿ ಕೇಳುವದನ್ನು ನಮ್ಮ ನೆರೆಯವನಿಗೆ ನಿರಾಕರಿಸಬಾರದು. ನಿಪ್ಪಾಣಿ, ಚಿಕ್ಕೋಡಿ, ಕಾಗವಾಡಗಳಲ್ಲಿ ಮರಾಠಿಯನ್ನು ತಾಯ್ನುಡಿಯಾಗಿ ಉಳ್ಳ ನಮ್ಮ ಬಂಧುಗಳು ಬಹಳ ಜನ ಇದ್ದಾರೆ. ಅವರಲ್ಲೊಬ್ಬನು ಸಾಕ್ಷಿಕಟ್ಟೆಯನ್ನೇರಿದಾಗ ಅವನ ಮಾತನ್ನು, ಸಾಧ್ಯವಿದ್ದಲ್ಲಿ, ಅವನ ಭಾಷೆಯಲ್ಲಿಯೇ ಬರೆದುಕೊಳ್ಳಬೇಕೆಂದೂ, ಆರೋಪಿಗೆ ತಿಳಿಯದ ಭಾಷೆಯ ಸಾಕ್ಷ್ಯವನ್ನು ಅವನಿಗೆ ತಿಳಿಯುವ ಭಾಷೆಯಲ್ಲಿ ಹೇಳಬೇಕೆಂದೂ ನಾಗರಿಕ ಸುರಕ್ಷಾ ಸಂಹಿತೆಯ 312 ಮತ್ತು 314ನೆಯ ಕಲಮುಗಳು ವಿಧಿಸುತ್ತವೆ. ಇವುಗಳನ್ನು ನಾವೇ ಮುಂದಾಗಿ ಪಾಲಿಸಬೇಕು. ಹಾಗೆಯೇ ಗಡಿಯ ಆಚೆ ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರಗಳಲ್ಲಿಯ ಕನ್ನಡಿಗನು ಮರಾಠಿಯಲ್ಲಿ ನಡೆಯುವ ಕೋರ್ಟಿನ ಎದುರು ನಿಂತಾಗ ಅದೇ ಕಲಮುಗಳು ಅವನಿಗೂ ಆಸರೆ. ಒಂದು ದಂಡೆಯಲ್ಲಿ ನಾವು ಕೊಡುವ ನ್ಯಾಯವನ್ನೇ ಇನ್ನೊಂದು ದಂಡೆಯಲ್ಲಿ ನಾವು ಕೇಳಬಹುದು.

ಇಲ್ಲಿ ಒಂದು ವಿಚಿತ್ರ ಸಂಗತಿಯನ್ನು ಹೇಳದೆ ಇರಲಾರೆನು. ಈ ನಾಡು ಯಾರದೆಂಬ ದಾವೆಯನ್ನು ಮಹಾರಾಷ್ಟ್ರ ಸರಕಾರವು 2004ರಲ್ಲಿ, ಘಟನೆಯ 131ನೆಯ ಕಲಮಿನ ಮೇರೆಗೆ, ಸುಪ್ರೀಮ ಕೋರ್ಟಿನಲ್ಲಿ ಹೂಡಿತು. 1967ರ ಮಹಾಜನ ಆಯೋಗದ ವರದಿಯನ್ನು ಕರ್ನಾಟಕವು ಮುಂದಿಟ್ಟಿದೆ. ಮಹಾರಾಷ್ಟ್ರವು ಅದನ್ನು ಒಪ್ಪುವದಿಲ್ಲ. ಎರಡು ದಶಕಗಳು ಕಳೆದರೂ ಅದು ಕೊನೆಗಾಣಲಿಲ್ಲ. ಆ ದಾವೆಯ ಮೂಲವೇ ಭಾಷೆ: ಇಲ್ಲಿಯ ಜನರು ಯಾವ ಭಾಷೆಯನ್ನು ಆಡುತ್ತಾರೆಂಬದು. ಕನ್ನಡವೆಂದು ಒಂದು ಸರಕಾರವೂ ಮರಾಠಿಯೆಂದು ಇನ್ನೊಂದು ಸರಕಾರವೂ ವಾದಿಸುವದು ಮಾತ್ರ, ಈ ಜನರಲ್ಲಿ ಬಹುಜನರಿಗೆ ತಿಳಿಯದ ಮೂರನೆಯ ಭಾಷೆಯಲ್ಲಿ. ನಾಳೆ ತೀರ್ಪು ಬಂದಾಗ ಶೇಡಬಾಳದ ಕನ್ನಡಿಗನೂ ನಿಪ್ಪಾಣಿಯ ಮರಾಠಿಗನೂ ಒಂದೇ ಕಟ್ಟೆಯ ಮೇಲೆ ಕುಳಿತು, ಅದರಲ್ಲಿ ಏನು ಬರೆದಿದೆಯೆಂದು ಮೂರನೆಯವನನ್ನು ಕೇಳಬೇಕಾಗುವದು.

ಇನ್ನು ನನ್ನ ಸಹೋದ್ಯೋಗಿಗಳಿಗೆ ಎರಡು ಕಟುವಾದ ಮಾತುಗಳು. ಬಾಗಿಲ ಅಗುಳಿ ದಿಲ್ಲಿಯಲ್ಲಿದೆಯೆಂದು ಮೇಲೆ ಹೇಳಿದೆನು. ಆದರೆ ನಮ್ಮ ಅಂಗಳದ ಕಸವನ್ನು ದಿಲ್ಲಿಯವರು ಬಂದು ಗುಡಿಸುವದಿಲ್ಲ. ಕನ್ನಡದಲ್ಲಿ ಬರೆಯಲು ಯಾವ ತಡೆಯೂ ಇಲ್ಲದ ಅಥಣಿ, ಚಿಕ್ಕೋಡಿ, ರಾಯಬಾಗಗಳ ಕೋರ್ಟುಗಳಲ್ಲಿಯೂ ನಾವು ದಾವಾ ಅರ್ಜಿಯನ್ನು ಇಂಗ್ಲಿಷಿನಲ್ಲಿ ಏಕೆ ಬರೆಯುತ್ತೇವೆ? ಹಳೆಯ ನಮೂನೆಗಳು ಇಂಗ್ಲಿಷಿನಲ್ಲಿವೆ, ಹೊಸದನ್ನು ಬರೆಯುವ ಶ್ರಮ ಬೇಡ. ಇದು ಒಂದು ಕಾರಣ. ಇನ್ನೊಂದನ್ನು ಹೇಳಲು ನಾಲಗೆ ತೊಡರುತ್ತದೆ. ಕಕ್ಷಿಗಾರನಿಗೆ ತಿಳಿಯದಿರುವದರಲ್ಲಿಯೇ ನಮ್ಮ ದೊಡ್ಡಸ್ತಿಕೆಯೂ ಅಷ್ಟಿಷ್ಟು ಆದಾಯವೂ ಅಡಗಿವೆ. ನಾನೂ ಈ ದೋಷದಿಂದ ಮುಕ್ತನಲ್ಲ. ನನ್ನ ಮೊದಲ ಹತ್ತು ವರ್ಷಗಳ ಅರ್ಜಿಗಳೆಲ್ಲ ಇಂಗ್ಲಿಷಿನಲ್ಲಿಯೇ ಇವೆ. ಕನ್ನಡದಲ್ಲಿ ಬರೆಯತೊಡಗಿದಂದಿನಿಂದ ಕಕ್ಷಿಗಾರನು ಅರ್ಜಿಯನ್ನು ಓದಿ, "ಇದು ಹಿಂಗಲ್ಲರೀ, ಹಂಗ ಇತ್ತು" ಎಂದು ನನ್ನನ್ನೇ ತಿದ್ದತೊಡಗಿದ್ದಾನೆ. ಮೊದಮೊದಲು ಇದು ನನಗೆ ರುಚಿಸಲಿಲ್ಲ. ಆದರೆ ಆ ತಿದ್ದುಗಳಿಂದಲೇ ಎರಡು ದಾವೆಗಳು ಉಳಿದವು.

ಆದುದರಿಂದ ಮಾಡತಕ್ಕದ್ದೇನೆಂಬದನ್ನು ಸ್ಪಷ್ಟವಾಗಿ ಹೇಳುತ್ತೇನೆ. ಒಂದು: ಕರ್ನಾಟಕ ಸರಕಾರವು 348ನೆಯ ಕಲಮು ಮತ್ತು ರಾಜಭಾಷಾ ಕಾಯದೆಯ 7ನೆಯ ಕಲಮುಗಳ ಮೇರೆಗೆ ತನ್ನ ಪ್ರಸ್ತಾವವನ್ನು ಮತ್ತೆ ಕಳಿಸಬೇಕು, 2012ರ ನಿರಾಕರಣೆಯನ್ನು ಕೊನೆಯ ಮಾತೆಂದು ತಿಳಿದು ಕೈಕಟ್ಟಿ ಕುಳ್ಳಿರಬಾರದು. ಎರಡು: ಹೈಕೋರ್ಟಿನ ಪ್ರತಿಯೊಂದು ಅಂತಿಮ ತೀರ್ಪಿನ, ಮನುಷ್ಯನು ನೋಡಿ ತಿದ್ದಿದ, ಪ್ರಮಾಣಿತ ಕನ್ನಡ ಪ್ರತಿಯು ಬೇಡಿದವನಿಗೆ ದೊರೆಯಬೇಕು. ಮುದ್ದತ್ತಿನ ಕಾಯದೆಯ 12ನೆಯ ಕಲಮು ತೀರ್ಪಿನ ಪ್ರತಿಯನ್ನು ಪಡೆಯಲು ಬೇಕಾದ ದಿನಗಳನ್ನು ಅಪೀಲಿನ ಅವಧಿಯಿಂದ ಬಿಟ್ಟುಕೊಡುತ್ತದೆ. ಭಾಷಾಂತರವನ್ನು ಪಡೆಯಲು ಬೇಕಾದ ದಿನಗಳನ್ನೂ ಹಾಗೆಯೇ ಬಿಡುವಂತೆ ಅದನ್ನು ತಿದ್ದಬೇಕು. ಇಷ್ಟು ಆಗಿದ್ದರೆ ನಮ್ಮ ರೈತನ ಮುದ್ದತ್ತು ಹೋಗುತ್ತಿರಲಿಲ್ಲ. ಮೂರು: ವಕೀಲರು ಅರ್ಜಿಗಳನ್ನೂ ಕೈಫಿಯತ್ತುಗಳನ್ನೂ ಸರಳ ಕನ್ನಡದಲ್ಲಿ ಬರೆಯಬೇಕು, ಎದುರಿನವರ ಇಂಗ್ಲಿಷು ಕಾಗದ ಬಂದಾಗ 137ನೆಯ ಕಲಮಿನ ಮೇರೆಗೆ ಭಾಷಾಂತರವನ್ನು ಕೇಳಬೇಕು. ಕೇಳದ ಹಕ್ಕು ತುಕ್ಕು ಹಿಡಿಯುತ್ತದೆ. ನಾಲ್ಕು: ಶಿಕ್ಷಕರು ಏಳನೆಯ ಇಯತ್ತೆಯ ಮಕ್ಕಳಿಗೆ ಒಂದು ಉತಾರವನ್ನೂ ಒಂದು ಸಮನ್ಸನ್ನೂ ಓದಲು ಕಲಿಸಬೇಕು. ಇದಕ್ಕೆ ಸರಕಾರದ ಅಪ್ಪಣೆ ಬೇಕಿಲ್ಲ. ಒಂದು ಶನಿವಾರದ ಒಂದು ತಾಸು ಸಾಕು.

ನ್ಯಾಯವು ನಡೆದರಷ್ಟೇ ಸಾಲದು, ನಡೆದದ್ದು ಕಾಣಿಸಬೇಕು ಎಂದು ವಕೀಲರಾದ ನಾವು ಮೇಲಿಂದ ಮೇಲೆ ಹೇಳುತ್ತೇವೆ. ಕಾಣಿಸುವದು ಯಾರಿಗೆ? ದಾರಿಹೋಕನಿಗಲ್ಲ, ಸೋತವನಿಗೆ. ಗೆದ್ದವನಿಗೆ ತೀರ್ಪಿನ ಕಾರಣಗಳು ಬೇಡ, ಹೊಲವು ಕೈಗೆ ಬಂದರಾಯಿತು. ಸೋತವನಿಗೆ ಉಳಿಯುವದು ಕಾರಣವೊಂದೇ. ಅದನ್ನು ಓದಿ ಅವನು ಹೌದೆನ್ನಬೇಕು, ಇಲ್ಲವೆ ಅಪೀಲು ಹೋಗಬೇಕು.

ಆ ರೈತನು ಹೋಗುವಾಗ ಕಾಗದಗಳನ್ನು ಮೊದಲಿನ ಕ್ರಮದಲ್ಲಿಯೇ ಟ್ರಂಕಿನಲ್ಲಿ ಇಟ್ಟುಕೊಂಡನು. ತೀರ್ಪಿನ ಆ ಪುಟದ ಅಂಚಿನಲ್ಲಿ ಮಾತ್ರ, ನನ್ನ ಪೆನ್ಸಿಲನ್ನು ಬೇಡಿ ತೆಗೆದುಕೊಂಡು, ದಪ್ಪ ಅಕ್ಷರಗಳಲ್ಲಿ ಕನ್ನಡದಲ್ಲಿ ಒಂದು ಸಾಲು ಬರೆದನು: "ನಾ ಹಿಂಗ ಹೇಳಿಲ್ಲ." ಕಾಯದೆಯ ದೃಷ್ಟಿಯಿಂದ ಆ ಸಾಲಿಗೆ ಯಾವ ಬೆಲೆಯೂ ಇಲ್ಲ. ಮುಂದೆ ಅವನ ಮೊಮ್ಮಗನು ಟ್ರಂಕನ್ನು ತೆರೆದಾಗ, ಆ ಪುಟದಲ್ಲಿ ಅವನಿಗೆ ಮೊದಲು ತಿಳಿಯುವ ಸಾಲು ಅದೇ ಆಗಿರುವದು.